ನೀರಿನ ಪ್ರಶ್ನೆ: ಔಷಧಿ ವಾಸನೆ ತೆಗೆಯಿರಿ, ಆದರೆ ಕುಡಿಯುವ ಹೊತ್ತಿಗೆ

ಈ ಸಲ ಬಂದ ಪತ್ರಗಳಲ್ಲಿ ಅರ್ಧಕ್ಕಿಂತ ಜಾಸ್ತಿ ಒಂದೇ ವಿಷಯದವು. ನಳದ ನೀರಿನ ಔಷಧಿ ವಾಸನೆ, ಅಂದರೆ ರೋಗಾಣು ಕೊಲ್ಲಲು ಹಾಕುವ ಕ್ಲೋರಿನ್ನಿನ ವಾಸನೆ, ಮತ್ತು ಅದನ್ನು ತೆಗೆಯುವ ಕಾರ್ಬನ್ (ಇದ್ದಿಲಿನ) ಫಿಲ್ಟರ್. ಹಾಗಾಗಿ ಉಳಿದ ಪ್ರಶ್ನೆಗಳನ್ನು ಬದಿಗಿಟ್ಟು ಇವಕ್ಕಷ್ಟೇ ಉತ್ತರ ಬರೆಯುತ್ತಿದ್ದೇನೆ. ನೌಕರಿಯುದ್ದಕ್ಕೂ ನೀರು ಪರೀಕ್ಷೆಯ ಲ್ಯಾಬಿನಲ್ಲೇ ಇದ್ದವಳು ನಾನು. ಕ್ಲೋರಿನ್ ಅಂದರೆ ಜನ ಮುಖ ಸಿಂಡರಿಸುವುದನ್ನು ನೋಡಿದ್ದೇನೆ. ಕ್ಲೋರಿನ್ ಮುಗಿದುಹೋದ ನೀರಿನ ಸ್ಯಾಂಪಲ್‌ಗಳನ್ನೂ ನೋಡಿದ್ದೇನೆ. ಅದಕ್ಕೇ ಸ್ವಲ್ಪ ಒತ್ತಿ ಹೇಳುತ್ತೇನೆ, ಬೇಸರ ಮಾಡ್ಕೋಬೇಡಿ.

ಪ್ರಶ್ನೆ: ಅಕ್ಕಾರೆ, ನಮ್ಮ ಓಣಿಗೆ ನಾಲ್ಕೈದು ದಿನಕ್ಕೊಮ್ಮೆ ನಳ ಬರುತ್ತದೆ. ಸಂಪು ತುಂಬಿಸಿಕೊಂಡು ಮುಂದಿನ ಸರದಿವರೆಗೂ ಅದನ್ನೇ ಬಳಸುತ್ತೇವೆ. ಮೊದಲ ದಿನ ಬ್ಲೀಚಿಂಗ್ ಪೌಡರ್ ವಾಸನೆ ಭಾಳ. ಸಂಪಿಗೆ ನೀರು ಬೀಳುವ ಪೈಪಿಗೇ ದೊಡ್ಡ ಕಾರ್ಬನ್ ಫಿಲ್ಟರ್ ಕೂಡಿಸಿದರೆ ಇಡೀ ಮನೆಗೆ ಶುದ್ಧ ನೀರು ಸಿಗುತ್ತದೆ ಅಂತ ಒಬ್ಬರು ಮಾರಲು ಬಂದಿದ್ದಾರೆ. ಹಾಕಿಸಬಹುದಾ? — ಗೃಹಿಣಿ, ವಿದ್ಯಾನಗರ, ಹುಬ್ಬಳ್ಳಿ

ಉತ್ತರ: ಬೇಡ ತಂಗಿ. ದಯವಿಟ್ಟು ಬೇಡ. ಸಂಪಿನ ಬಾಯಿಗೆ ಮಾತ್ರ ಕಾರ್ಬನ್ ಕೂಡಿಸಬೇಡಿ.

ಯಾಕೆ ಅಂತ ಹೇಳುತ್ತೇನೆ. ನಮ್ಮ ಅವಳಿನಗರಕ್ಕೆ ಬರುವ ಮಲಪ್ರಭೆಯ ನೀರು ಸವದತ್ತಿ ಹತ್ತಿರದ ನವಿಲುತೀರ್ಥದ ರೇಣುಕಾ ಸಾಗರದಿಂದ ಹೊರಡುತ್ತದೆ. ಅಮ್ಮಿನಭಾವಿಯಲ್ಲಿ ಶುದ್ಧವಾಗಿ, ಕ್ಲೋರಿನ್ ಹಾಕಿಸಿಕೊಂಡು ಊರಿಗೆ ಬರುತ್ತದೆ. ಅಲ್ಲಿಂದ ಹೊರಡುವಾಗ ನೀರು ಚೆನ್ನಾಗಿಯೇ ಇರುತ್ತದೆ. ತೊಂದರೆ ಇರುವುದು ದಾರಿಯಲ್ಲಿ. ನೀರು ಬಿಡದ ದಿನಗಳಲ್ಲಿ ಪೈಪು ಖಾಲಿ ಇರುತ್ತದೆ, ಒಳಗೆ ಒತ್ತಡ ಇರುವುದಿಲ್ಲ. ಎಲ್ಲಿ ಸಣ್ಣ ಸೀಳು ಇದೆಯೋ ಅಲ್ಲಿಂದ ಗಟಾರದ ನೀರು ಒಳಕ್ಕೆ ಜಿನುಗುತ್ತದೆ. ಮತ್ತೆ ನಳ ಬಿಟ್ಟಾಗ ಮೊದಲು ಬರುವ ನೀರು ಅದನ್ನೆಲ್ಲ ಹೊತ್ತು ತರುತ್ತದೆ.

ಇದು ನನ್ನ ಊಹೆಯಲ್ಲ. ಕ್ಯಾಲಿಫೋರ್ನಿಯಾ ವಿಶ್ವವಿದ್ಯಾಲಯದ ಎಮಿಲಿ ಕುಂಪೆಲ್ ಮತ್ತು ಕಾರಾ ನೆಲ್ಸನ್ ಇದೇ ಹುಬ್ಬಳ್ಳಿ-ಧಾರವಾಡದಲ್ಲಿ ನೀರು ಪರೀಕ್ಷೆ ಮಾಡಿ, 2013ರಲ್ಲಿ ಫಲಿತಾಂಶ ಪ್ರಕಟಿಸಿದರು. 24 ಗಂಟೆ ನೀರು ಬರುವ ವಾರ್ಡುಗಳ ನಳಗಳನ್ನೂ ಬಿಟ್ಟು ಬಿಟ್ಟು ಬರುವ ವಾರ್ಡುಗಳ ನಳಗಳನ್ನೂ ಅವರು ಹೋಲಿಸಿ ನೋಡಿದರು. 24 ಗಂಟೆ ಬರುವ ಕಡೆ ಮಲದ ಸೂಚಕವಾದ ಇ-ಕೋಲಿ ಬ್ಯಾಕ್ಟೀರಿಯಾ ಸಿಕ್ಕಿದ್ದು ನೂರರಲ್ಲಿ ಒಂದು ಸ್ಯಾಂಪಲ್‌ಗಿಂತಲೂ ಕಡಿಮೆ. ಬಿಟ್ಟು ಬಿಟ್ಟು ಬರುವ ಕಡೆ ಹೆಚ್ಚುಕಡಿಮೆ ಮೂರರಲ್ಲಿ ಒಂದು. ಎರಡೂ ಕಡೆ ಊರು ಅದೇ. ಬೇರೆಯಾಗಿದ್ದು ನೀರು ಬಿಡುವ ರೀತಿ.

ಈಗ ನಿಮ್ಮ ಸಂಪಿಗೆ ಬರೋಣ. ಅಲ್ಲಿ ನೀರು ನಾಲ್ಕೈದು ದಿನ ನಿಲ್ಲುತ್ತದೆ. ಕೊಡ ಅದ್ದುತ್ತೀರಿ, ಮುಚ್ಚಳ ತೆಗೆದು ಹಾಕುತ್ತೀರಿ, ಅಲ್ಲಿಂದ ಮೇಲಿನ ಟ್ಯಾಂಕಿಗೆ ಏರಿಸುತ್ತೀರಿ. ಈ ದಿನಗಳಲ್ಲಿ ಆ ನೀರನ್ನು ಕಾಯುವುದು ಉಳಿದಿರುವ ಚೂರು ಕ್ಲೋರಿನ್ ಒಂದೇ. ಕುಡಿಯುವ ನೀರಿನ ಭಾರತೀಯ ಮಾನಕ ಐಎಸ್ 10500 ಹೇಳುವ ಪ್ರಕಾರ ಲೀಟರಿಗೆ ಕನಿಷ್ಠ 0.2 ಮಿಲಿಗ್ರಾಂ ಕ್ಲೋರಿನ್ ಉಳಿದಿರಬೇಕು, 1 ಮಿಲಿಗ್ರಾಂವರೆಗೂ ನಡೆಯುತ್ತದೆ. ನಿಮ್ಮ ಮೂಗಿಗೆ ಹೊಡೆಯುವ ವಾಸನೆ ಈ ಅಳತೆಯೊಳಗೇ ಬರಬಹುದು. ಸಂಪಿನ ಬಾಯಲ್ಲೇ ಕಾರ್ಬನ್ ಇಟ್ಟರೆ ಮೊದಲ ದಿನವೇ ಕ್ಲೋರಿನ್ ಸೊನ್ನೆ. ಆಮೇಲೆ ಐದು ದಿನ ನಿಂತ ನೀರಿಗೆ ಯಾರ ಕಾವಲೂ ಇಲ್ಲ. ಮೇಲಾಗಿ ಕಾರ್ಬನ್ ಬ್ಯಾಕ್ಟೀರಿಯಾವನ್ನು ಕೊಲ್ಲುವುದಿಲ್ಲ. ಪೈಪಿನಲ್ಲಿ ಬಂದ ಕೊಳೆ ಅದನ್ನು ದಾಟಿ ಸಂಪಿಗೆ ಇಳಿಯುತ್ತದೆ, ಸ್ವಲ್ಪ ಅಲ್ಲೇ ಇದ್ದಿಲಿನಲ್ಲಿ ಉಳಿದು ಬೆಳೆಯುತ್ತದೆ.

ಸರಿಯಾದ ಕ್ರಮ ಹೀಗಿದೆ. ನಳ ಬಂದಾಗ ಮೊದಲ ನೀರನ್ನು ಸ್ವಲ್ಪ ಹೊತ್ತು ಗಿಡಕ್ಕೋ ಬಚ್ಚಲಿಗೋ ಬಿಡಿ. ಕಲಕು ಹೋಗಿ ತಿಳಿಯಾದ ಮೇಲೆ ಸಂಪಿಗೆ ತಿರುಗಿಸಿ. ಸಂಪು, ಟ್ಯಾಂಕ್ ಎರಡರಲ್ಲೂ ಕ್ಲೋರಿನ್ ಹಾಗೇ ಇರಲಿ. ಅಡುಗೆಮನೆಯಲ್ಲಿ, ಕುಡಿಯುವ ನೀರು ಹಿಡಿಯುವ ಜಾಗದಲ್ಲಿ, ಕಾರ್ಬನ್ ಬರಲಿ. ಅದರ ಬೆನ್ನಿಗೇ ರೋಗಾಣು ಕೊಲ್ಲುವ ಯುವಿ ದೀಪ ಇದ್ದರೆ ಒಳ್ಳೆಯದು. ಅಣೆಕಟ್ಟಿನ ನೀರಿನಲ್ಲಿ ಉಪ್ಪಿನಂಶ ಕಡಿಮೆ, ಅದಕ್ಕೆ ಉಪ್ಪು ತೆಗೆಯುವ ಆರ್‌ಓ ಯಂತ್ರ ಬೇಕಿಲ್ಲ. ನೀರು ಕುದಿಸಿ ಕುಡಿಯುವ ಮನೆಯಾದರೆ ಕಾರ್ಬನ್ನೂ ಬೇಕಿಲ್ಲ. ಕುದಿಯುವಾಗ ಕ್ಲೋರಿನ್ ತಾನೇ ಹಾರಿಹೋಗುತ್ತದೆ, ಸುಮ್ನೆ ಯಾಕೆ ದುಡ್ಡು ಹಾಕುತ್ತೀರಿ?

ಮೂರನೇ ದಿನದ ಹೊತ್ತಿಗೆ ಸಂಪಿನ ನೀರಿನಲ್ಲಿ ಕ್ಲೋರಿನ್ ಮುಗಿದಿದ್ದರೆ ನೀವೇ ಹಾಕಬಹುದು. ಸಾವಿರ ಲೀಟರಿಗೆ ಒಳ್ಳೆಯ ಬ್ಲೀಚಿಂಗ್ ಪೌಡರ್ ಸುಮಾರು 2.5 ಗ್ರಾಂ ಸಾಕು. ಬಕೆಟ್ಟಿನಲ್ಲಿ ಕಲಸಿ, ಸುಣ್ಣ ತಳಕ್ಕೆ ಕೂತ ಮೇಲೆ ಮೇಲಿನ ತಿಳಿಯನ್ನಷ್ಟೇ ಸುರಿಯಿರಿ. ಅರ್ಧ ಗಂಟೆ ಬಿಟ್ಟು ಬಳಸಿ. ಪೌಡರ್ ಹಳೆಯದಾದಷ್ಟೂ, ಹಸಿ ಹಿಡಿದಷ್ಟೂ ಅದರ ಕಸುವು ಇಳಿಯುತ್ತದೆ. ಸಣ್ಣ ಪ್ಯಾಕೆಟ್ ತಂದು ಬಾಯಿ ಬಿಗಿಯಾಗಿ ಕಟ್ಟಿಡಿ.

ಪ್ರಶ್ನೆ: ನಮ್ಮ ಮನೆಯ ಕಾರ್ಬನ್ ಕ್ಯಾಂಡಲ್ ಬದಲಿಸುವ ಹೊತ್ತು ಬಂತೋ ಇಲ್ಲವೋ ಅಂತ ತಿಳಿಯುವುದು ಹೇಗೆ? ಸರ್ವಿಸಿನವರು ಟಿಡಿಎಸ್ ಮೀಟರ್ ಅದ್ದಿ ನೋಡಿ ‘ಹೋಗೇತಿ, ಬದಲಿ ಮಾಡ್ರಿ’ ಅನ್ನುತ್ತಾರೆ. — ನಿವೃತ್ತ ಮಾಸ್ತರರು, ಸಪ್ತಾಪುರ, ಧಾರವಾಡ

ಉತ್ತರ: ಸರ್, ಟಿಡಿಎಸ್ ಮೀಟರಿಗೆ ಕ್ಲೋರಿನ್ ಕಾಣುವುದೇ ಇಲ್ಲ. ಅದು ಅಳೆಯುವುದು ನೀರಿನಲ್ಲಿ ಕರಗಿದ ಉಪ್ಪಿನಂಶ. ಕಾರ್ಬನ್ ಆ ಉಪ್ಪನ್ನು ಮುಟ್ಟುವುದಿಲ್ಲ. ಹೊಸ ಕ್ಯಾಂಡಲ್ ಹಾಕಿದರೂ ಮೀಟರಿನ ಅಂಕಿ ಹೆಚ್ಚುಕಡಿಮೆ ಅಷ್ಟೇ ಇರುತ್ತದೆ. ಆ ಅಂಕಿ ನೋಡಿ ಕಾರ್ಬನ್ ಬದಲಿಸಿ ಅನ್ನುವುದಕ್ಕೆ ಅರ್ಥವಿಲ್ಲ.

ಕಾರ್ಬನ್ ಹೇಗೆ ಕೆಲಸ ಮಾಡುತ್ತದೆ ಅಂತ ಗೊತ್ತಾದರೆ ಪರೀಕ್ಷೆಯೂ ಸುಲಭ. ತೆಂಗಿನ ಕರಟವನ್ನೋ ಕಲ್ಲಿದ್ದಲನ್ನೋ ಗಾಳಿ ತಾಗದಂತೆ ಸುಟ್ಟು, ಆಮೇಲೆ 800–1000 ಡಿಗ್ರಿ ಶಾಖದಲ್ಲಿ ಹಬೆ ಹಾಯಿಸುತ್ತಾರೆ. ಆಗ ಇದ್ದಿಲಿನ ಒಳಗೆಲ್ಲ ಕಣ್ಣಿಗೆ ಕಾಣದ ಸಣ್ಣ ಸಣ್ಣ ರಂಧ್ರಗಳು ತೆರೆದುಕೊಳ್ಳುತ್ತವೆ. ಒಂದು ಗ್ರಾಂ ಇದ್ದಿಲಿನ ಒಳಮೈಯನ್ನೆಲ್ಲ ಹಾಸಿದರೆ ಸುಮಾರು ಸಾವಿರ ಚದರ ಮೀಟರ್, ಅಂದರೆ ಹತ್ತು ಗುಂಟೆ ಜಾಗ. ಒಲೆಯಲ್ಲಿ ಉಳಿದ ಇದ್ದಿಲನ್ನೇ ಹಾಕಬಹುದಾ ಅಂತ ಕೇಳಿದವರಿಗೂ ಇದೇ ಉತ್ತರ: ಒಲೆಯ ಇದ್ದಿಲಿಗೆ ಆ ಹಬೆಯ ಸಂಸ್ಕಾರ ಆಗಿರುವುದಿಲ್ಲ, ರಂಧ್ರಗಳು ತೆರೆದಿರುವುದಿಲ್ಲ.

ಕ್ಲೋರಿನ್ ಈ ಇದ್ದಿಲಿಗೆ ಸುಮ್ನೆ ಅಂಟಿಕೊಂಡು ಕೂರುವುದಿಲ್ಲ. ಇದ್ದಿಲಿನ ಮೈಗೆ ತಾಗಿದ ಕೂಡಲೇ ಕ್ಲೋರೈಡ್ ಆಗಿ ಬದಲಾಗುತ್ತದೆ. ಅಡುಗೆ ಉಪ್ಪಿನಲ್ಲಿ ಇರುವುದೂ ಅದೇ ಕ್ಲೋರೈಡ್. ಇದ್ದಿಲಿನ ಮೈ ಆ ಕೆಲಸದಲ್ಲಿ ಚೂರುಚೂರೇ ಸವೆಯುತ್ತದೆ. ಈ ಬದಲಾವಣೆ ಬೇಗ ಆಗುವುದರಿಂದ ಸಣ್ಣ ಕ್ಯಾಂಡಲ್ ಕೂಡ ಸಾವಿರಾರು ಲೀಟರ್ ನೀರಿನ ಕ್ಲೋರಿನ್ ತೆಗೆಯಬಲ್ಲದು. ಆದರೆ ನೀರು ಇದ್ದಿಲಿನ ಜೊತೆ ಇರುವುದಕ್ಕೆ ಸ್ವಲ್ಪ ಹೊತ್ತು ಬೇಕು. ಅರ್ಧ ಲೀಟರ್ ಇದ್ದಿಲು ಹಿಡಿಯುವ ಕ್ಯಾಂಡಲ್‌ನಲ್ಲಿ ನಿಮಿಷಕ್ಕೆ 2 ಲೀಟರ್ ನೀರು ಹರಿದರೆ ಸಿಗುವುದು 15 ಸೆಕೆಂಡ್. ನಳ ಪೂರ್ತಿ ತಿರುಗಿಸಿ 4 ಲೀಟರ್ ಹರಿಸಿದರೆ ಏಳೆಂಟು ಸೆಕೆಂಡ್. ಅದಕ್ಕೇ ಕುಡಿಯುವ ನೀರನ್ನು ಸಣ್ಣ ಧಾರೆಯಲ್ಲಿ ಹಿಡಿಯಿರಿ ಅನ್ನುವುದು.

ಇನ್ನು ಪರೀಕ್ಷೆ. ಸ್ವಿಮ್ಮಿಂಗ್ ಪೂಲಿನ ಸಾಮಾನು ಮಾರುವ ಅಂಗಡಿಯಲ್ಲೋ ಅಕ್ವೇರಿಯಂ ಅಂಗಡಿಯಲ್ಲೋ ಕ್ಲೋರಿನ್ ಟೆಸ್ಟ್ ಕಿಟ್ ಸಿಗುತ್ತದೆ. ಎರಡು ಬಗೆ ಇವೆ. ಹಳೆಯ ಬಗೆಯದು ಆರ್ಥೋಟಾಲಿಡಿನ್ ಹನಿ, ಅದರಲ್ಲಿ ಹಳದಿ ಬಣ್ಣ ಬರುತ್ತದೆ. ನೀರು ಬಿಡುವ ಸಿಬ್ಬಂದಿ ಕೈಯಲ್ಲಿ ನೀವು ನೋಡಿರುವ ಕ್ಲೋರೋಸ್ಕೋಪ್ ಇದೇ. ಆರ್ಥೋಟಾಲಿಡಿನ್ ಮೈಗೆ ಒಳ್ಳೆಯದಲ್ಲ, ಹಾಗಾಗಿ ಡಿಪಿಡಿ ಮಾತ್ರೆಯ ಕಿಟ್ ಕೊಳ್ಳಿ. ಅದರಲ್ಲಿ ಗುಲಾಬಿ ಬಣ್ಣ ಬರುತ್ತದೆ.

ಎರಡು ಗಾಜಿನ ಟ್ಯೂಬ್ ತೆಗೆದುಕೊಳ್ಳಿ. ಒಂದಕ್ಕೆ ಫಿಲ್ಟರಿಗೆ ಹೋಗುವ ಮುಂಚಿನ ನೀರು, ಇನ್ನೊಂದಕ್ಕೆ ಫಿಲ್ಟರಿನಿಂದ ಬಂದ ನೀರು. ಒಂದೊಂದು ಮಾತ್ರೆ ಹಾಕಿ ಅಲುಗಾಡಿಸಿ, ಹಿಂದೆ ಬಿಳಿ ಕಾಗದ ಹಿಡಿದು ನೋಡಿ. ಮುಂಚಿನ ನೀರು ಗುಲಾಬಿ ಆಗಿ, ಫಿಲ್ಟರ್ ನೀರು ಬಣ್ಣ ತಿರುಗದೆ ಇದ್ದರೆ ಕಾರ್ಬನ್ ಇನ್ನೂ ಗಟ್ಟಿಯಾಗಿದೆ. ಫಿಲ್ಟರ್ ನೀರಿನಲ್ಲೂ ತೆಳು ಗುಲಾಬಿ ಕಂಡರೆ ಅದರ ಆಯಸ್ಸು ಮುಗಿಯುತ್ತಾ ಬಂತು. ಎರಡರಲ್ಲೂ ಬಣ್ಣ ಬರದಿದ್ದರೆ ನಿಮ್ಮ ಟ್ಯಾಂಕಿನ ನೀರಿನಲ್ಲೇ ಕ್ಲೋರಿನ್ ಇಲ್ಲ ಅಂತ ಅರ್ಥ. ಆಗ ಚಿಂತೆ ಮಾಡಬೇಕಾದ್ದು ಟ್ಯಾಂಕಿನ ಬಗ್ಗೆ. ಈ ಪರೀಕ್ಷೆಯನ್ನು ನಳ ಬಂದ ದಿನವೇ ಮಾಡಿ, ಅವತ್ತೇ ಫಲಿತಾಂಶ ಸ್ಪಷ್ಟವಾಗಿ ಸಿಗುವುದು. ಪರೀಕ್ಷೆ ಮಾಡಿದ ನೀರನ್ನು ಚೆಲ್ಲಿ, ಕೈ ತೊಳೆದುಕೊಳ್ಳಿ.

ಬಣ್ಣ ಸರಿಯಿದ್ದರೂ ಕ್ಯಾಂಡಲನ್ನು ವರ್ಷಗಟ್ಟಲೆ ಇಟ್ಟುಕೊಳ್ಳಬೇಡಿ. ನಾನು ಹಳೆಯ ಕ್ಯಾಂಡಲ್‌ಗಳನ್ನು ಕೊಯ್ದು ನೋಡುತ್ತಿದ್ದೆ. ಮೇಲಿನ ಬಿಳಿ ಬಟ್ಟೆ ಕಂದು ತಿರುಗಿರುತ್ತದೆ, ಒಳಗಿನ ಕಪ್ಪು ಹರಳುಗಳು ಕೈಗೆ ಲೋಳೆಲೋಳೆ ಹತ್ತುತ್ತವೆ. ಮಣ್ಣಿನ ವಾಸನೆ ಬರುತ್ತದೆ. ಆ ಲೋಳೆಯೇ ಬ್ಯಾಕ್ಟೀರಿಯಾದ ಮನೆ. ಕ್ಲೋರಿನ್ ಕ್ಯಾಂಡಲ್ಲಿನ ಬಾಯಲ್ಲೇ ಮುಗಿದುಹೋಗುತ್ತದೆ, ಒಳಗಡೆ ಅವುಗಳನ್ನು ತಡೆಯುವವರು ಇಲ್ಲ. ಬೆಳ್ಳಿ ಹಚ್ಚಿದ ಕಾರ್ಬನ್ ಇದನ್ನು ಸ್ವಲ್ಪ ನಿಧಾನ ಮಾಡುತ್ತದೆ, ಪೂರ್ತಿ ನಿಲ್ಲಿಸುವುದಿಲ್ಲ. ಊರಿಗೆ ಹೋಗಿ ನಾಲ್ಕು ದಿನ ಬಿಟ್ಟು ಬಂದರೆ ಮೊದಲೆರಡು ಚರಿಗೆ ನೀರನ್ನು ಚೆಲ್ಲಿ ಆಮೇಲೆ ಕುಡಿಯಲು ಹಿಡಿಯಿರಿ. ಪ್ಯಾಕೆಟ್ ಮೇಲೆ ಬರೆದ ಲೀಟರ್ ಅಥವಾ ತಿಂಗಳು, ಯಾವುದು ಮೊದಲು ಮುಗಿಯುತ್ತದೋ ಆಗ ಬದಲಿಸಿ. ಹೊಸದು ಹಾಕಿದಾಗ ಮೊದಲು ಬರುವ ಕಪ್ಪು ನೀರು ಇದ್ದಿಲಿನ ಪುಡಿ. ತಿಳಿಯಾಗುವವರೆಗೂ ಹರಿಯಲು ಬಿಡಿ.

ಪ್ರಶ್ನೆ: ಬಸ್‌ಸ್ಟ್ಯಾಂಡ್ ಹತ್ತಿರ ನಮ್ಮದು ಚಹಾದಂಗಡಿ. ಕೆಲವು ದಿನ ಚಹಾಕ್ಕೆ ದವಾಖಾನೆ ವಾಸನೆ ಬಂದು ಗಿರಾಕಿಗಳು ಗೊಣಗುತ್ತಾರೆ. ಪುಡಿ ಬದಲಿಸಿ ನೋಡಿದೆ, ಆಗಲಿಲ್ಲ. — ಹಾವೇರಿ

ಉತ್ತರ: ಅಣ್ಣಾರೆ, ಪುಡಿಯ ತಪ್ಪಲ್ಲ. ಚಹಾದಲ್ಲಿರುವ ಫಿನಾಲ್ ಜಾತಿಯ ವಸ್ತುಗಳ ಜೊತೆ ಕ್ಲೋರಿನ್ ಸೇರಿದರೆ ಆ ವಾಸನೆ ಹುಟ್ಟುತ್ತದೆ. ಭಾಳ ಚೂರು ಇದ್ದರೂ ನಾಲಿಗೆಗೆ ಗೊತ್ತಾಗುತ್ತದೆ. ನೀರನ್ನು ಮೊದಲು ಬರಿದೇ ಚೆನ್ನಾಗಿ ಕುದಿಸಿ, ಆಮೇಲೆ ಪುಡಿ ಹಾಕಿ. ತಣ್ಣೀರಿಗೇ ಪುಡಿ ಸಕ್ಕರೆ ಎಲ್ಲ ಹಾಕಿ ಒಲೆ ಮೇಲಿಡುವ ರೂಢಿ ಇದ್ದರೆ ಬಿಡಿ. ಗಿರಾಕಿ ಜಾಸ್ತಿ ಇದ್ದು ಅಷ್ಟು ಹೊತ್ತು ಸಿಗದಿದ್ದರೆ ಒಂದು ಕಾರ್ಬನ್ ಕ್ಯಾಂಡಲ್ ಹಾಕಿಸಿ. ನಿಮ್ಮಂಥವರಿಗೆ ಅದು ನಿಜವಾಗಿ ಉಪಯೋಗದ ವಸ್ತು.

ಪ್ರಶ್ನೆ: ನಮ್ಮದು ಬೋರಿನ ನೀರು. ಒಬ್ಬ ಮಾರಾಟಗಾರ ಮನೆಗೆ ಬಂದು ನಮ್ಮ ನೀರಿನಲ್ಲಿ ಎರಡು ಸಲಾಕೆ ಅದ್ದಿ ಕರೆಂಟ್ ಕೊಟ್ಟ. ನೀರು ಕೆಂಪು ಕೆಸರಾಯಿತು. ಅವನ ಫಿಲ್ಟರಿನ ನೀರು ಹಾಗೇ ಇತ್ತು. ನಮ್ಮ ನೀರು ಅಷ್ಟು ಕೆಟ್ಟದ್ದಾ? ಕಾರ್ಬನ್ ಫಿಲ್ಟರ್ ಸಾಕಾ? — ಬೆಟಗೇರಿ, ಗದಗ

ಉತ್ತರ: ಆ ಕೆಸರು ನಿಮ್ಮ ನೀರಿನದ್ದಲ್ಲ, ಅವನ ಕಬ್ಬಿಣದ ಸಲಾಕೆಯದ್ದು. ಉಪ್ಪಿನಂಶ ಇರುವ ನೀರಿನಲ್ಲಿ ಕರೆಂಟ್ ಹರಿಯುತ್ತದೆ, ಕಬ್ಬಿಣ ಕರಗಿ ತುಕ್ಕಾಗಿ ಹೊರಬರುತ್ತದೆ. ಅವನದು ಆರ್‌ಓ ನೀರು ಇರಬೇಕು, ಅದರಲ್ಲಿ ಉಪ್ಪು ಕಡಿಮೆ, ಕರೆಂಟ್ ಅಷ್ಟಾಗಿ ಹರಿಯುವುದಿಲ್ಲ. ಅವನ ನೀರಿಗೇ ಒಂದು ಚಿಟಿಕೆ ಉಪ್ಪು ಹಾಕಿ ತೋರಿಸು ಅನ್ನಿ, ಅದೂ ಕೆಂಪಾಗುತ್ತದೆ. ಹೆದರಿಸಿ ಮಾರುವ ಈ ಆಟ ನೋಡಿದಾಗಲೆಲ್ಲ ನನಗೆ ಸಂಕಟ ಆಗುತ್ತದೆ. ಯಾಕೆಂದರೆ ನಿಜವಾಗಿ ಹೆದರಬೇಕಾದ್ದನ್ನು ಅದು ಮರೆಸಿಬಿಡುತ್ತದೆ.

ನಿಮ್ಮ ಕಡೆ ಹೆದರಬೇಕಾದ್ದು ಫ್ಲೋರೈಡ್‌ಗೆ. ಗದಗ, ಮುಂಡರಗಿ ಸುತ್ತಲಿನ ಎಷ್ಟೋ ಬೋರುಗಳಲ್ಲಿ ಅದು ಇದೆ. ಐಎಸ್ 10500 ಪ್ರಕಾರ ಲೀಟರಿಗೆ 1 ಮಿಲಿಗ್ರಾಂ ಒಳಗಿರಬೇಕು, ಬೇರೆ ನೀರೇ ಇಲ್ಲದ ಕಡೆ 1.5ರವರೆಗೆ. ಅದಕ್ಕಿಂತ ಜಾಸ್ತಿ ಇರುವ ನೀರು ಕುಡಿದು ಬೆಳೆದ ಮಕ್ಕಳ ಹಲ್ಲಿನ ಮೇಲೆ ಕಂದು ಕಲೆ ಕೂರುತ್ತದೆ. ವರ್ಷಾನುಗಟ್ಟಲೆ ಆದರೆ ಎಲುಬು, ಕೀಲು ಹಿಡಿದುಕೊಳ್ಳುತ್ತವೆ. ಕ್ಲೋರಿನ್ ತೆಗೆಯುವ ಕಾರ್ಬನ್ ಇದನ್ನು ತೆಗೆಯುವುದಿಲ್ಲ. ಗಡಸುತನ, ನೈಟ್ರೇಟ್ ಕೂಡ ಅದರ ಕೈಗೆ ಸಿಗುವುದಿಲ್ಲ. ಕುದಿಸಿದರೆ ನೀರು ಆವಿಯಾಗಿ ಫ್ಲೋರೈಡ್ ಇನ್ನಷ್ಟು ಗಟ್ಟಿಯಾಗುತ್ತದೆ. ಅದಕ್ಕೆ ಬೇಕಾದ್ದು ಆರ್‌ಓ, ಇಲ್ಲವೇ ಫ್ಲೋರೈಡ್ ಹಿಡಿದುಕೊಳ್ಳುವ ಆಕ್ಟಿವೇಟೆಡ್ ಅಲ್ಯೂಮಿನಾ ಹರಳಿನ ಫಿಲ್ಟರ್. ಮೊದಲು ಒಂದು ಬಾಟಲಿ ನೀರನ್ನು ಜಿಲ್ಲಾ ಲ್ಯಾಬಿಗೆ ಕೊಟ್ಟು ಫ್ಲೋರೈಡ್ ಎಷ್ಟಿದೆ ಅಂತ ಬರೆಸಿಕೊಂಡು ಬನ್ನಿ. ಆ ಚೀಟಿ ಕೈಯಲ್ಲಿ ಹಿಡಿದುಕೊಂಡೇ ಫಿಲ್ಟರ್ ಅಂಗಡಿಗೆ ಹೋಗಿ.

ಆರ್‌ಓ ಕೊಂಡರೆ ಅದರೊಳಗೂ ಕಾರ್ಬನ್ ಇರುತ್ತದೆ. ಆರ್‌ಓ ಪೊರೆಯನ್ನು ಕ್ಲೋರಿನ್ ತಿಂದುಹಾಕುತ್ತದೆ, ಹಾಗಾಗಿ ಪೊರೆಯ ಮುಂಚೆ ಕಾರ್ಬನ್ ಇಟ್ಟಿರುತ್ತಾರೆ. ಬೋರಿಗೆ ಬ್ಲೀಚಿಂಗ್ ಪೌಡರ್ ಹಾಕುವ ಅಥವಾ ನಳದ ನೀರನ್ನೂ ಸೇರಿಸುವ ಮನೆಗಳಲ್ಲಿ ಆ ಕಾರ್ಬನ್ ಸತ್ತರೆ, ಹಿಂದೆಯೇ ದುಬಾರಿ ಪೊರೆಯೂ ಹೋಗುತ್ತದೆ.

ಪ್ರಶ್ನೆ: ಕ್ಲೋರಿನ್ ನೀರು ಕುಡಿದರೆ ಕ್ಯಾನ್ಸರ್ ಬರುತ್ತದೆ ಅಂತ ಮೊಬೈಲಿನಲ್ಲಿ ವಿಡಿಯೋ ನೋಡಿದೆ. ಆವತ್ತಿನಿಂದ ನಳದ ನೀರು ಕುಡಿಯಲು ಭಯ. — ಕಾಲೇಜು ವಿದ್ಯಾರ್ಥಿನಿ, ಧಾರವಾಡ

ಉತ್ತರ: ನಿನ್ನ ಭಯಕ್ಕೆ ಒಂದು ಬೇರು ಇದೆ, ಅದನ್ನು ಅಲ್ಲಗಳೆಯುವುದಿಲ್ಲ ಮಗಳೇ. 1974ರಲ್ಲಿ ನೆದರ್ಲೆಂಡ್ಸ್‌ನ ರೋಟರ್‌ಡ್ಯಾಮ್ ನೀರು ಸರಬರಾಜಿನಲ್ಲಿದ್ದ ಯೋಹಾನೆಸ್ ರೋಕ್ ಎಂಬ ವಿಜ್ಞಾನಿ ಒಂದು ವಿಷಯ ತೋರಿಸಿಕೊಟ್ಟರು. ಕೊಳೆತ ಎಲೆ, ಪಾಚಿಗಳಿಂದ ನದಿ ನೀರಿಗೆ ಸೇರುವ ವಸ್ತುಗಳ ಜೊತೆ ಕ್ಲೋರಿನ್ ಕೂಡಿದಾಗ ಕ್ಲೋರೋಫಾರ್ಮ್‌ನಂಥ ಟ್ರೈಹ್ಯಾಲೋಮೀಥೇನ್‌ಗಳು ಹುಟ್ಟುತ್ತವೆ ಅಂತ. ಇವುಗಳಿಂದ ಕ್ಯಾನ್ಸರ್ ಬರಬಹುದು ಅನ್ನುವ ಅನುಮಾನ ಇದೆ, ಅವುಗಳಿಗೆ ಮಿತಿ ಹಾಕಿರುವುದು ಅದಕ್ಕೇ. ಬೇಸಿಗೆಯಲ್ಲಿ ಕೆರೆ ನೀರು ಪಾಚಿಗಟ್ಟಿದಾಗ ಇವು ಹೆಚ್ಚಾಗಬಹುದು.

ಆದರೆ ತೂಕ ಹಾಕಿ ನೋಡು. ಒಂದು ಕಡೆ ಬಹಳ ವರ್ಷಗಳ ಮೇಲೆ ಬರಬಹುದಾದ ಸಣ್ಣ ಅಪಾಯ. ಇನ್ನೊಂದು ಕಡೆ ಇದೇ ವಾರ ಬರುವ ವಾಂತಿಭೇದಿ, ಟೈಫಾಯಿಡ್, ಕಾಮಾಲೆ. ಇಂಥ ಉಪವಸ್ತುಗಳನ್ನು ಕಡಿಮೆ ಮಾಡುವ ಹೆಸರಿನಲ್ಲಿ ರೋಗಾಣು ಕೊಲ್ಲುವ ಕೆಲಸದಲ್ಲಿ ರಾಜಿ ಮಾಡಿಕೊಳ್ಳಬಾರದು ಅಂತ ವಿಶ್ವ ಆರೋಗ್ಯ ಸಂಸ್ಥೆ ಸ್ಪಷ್ಟವಾಗಿ ಹೇಳಿದೆ. ನನ್ನ ಮಾತೂ ಅದೇ. ಹಾಸ್ಟೆಲ್ಲಿನ ಅಡುಗೆಮನೆಯಲ್ಲಿ ಕಾರ್ಬನ್ ಇದ್ದರೆ ಅದು ಈ ವಸ್ತುಗಳನ್ನೂ ಹಿಡಿಯುತ್ತದೆ. ಒಂದು ಎಚ್ಚರ ಮಾತ್ರ ಇರಲಿ: ಇವು ಕ್ಲೋರಿನ್ನಿನಂತೆ ಬದಲಾಗಿ ಹೋಗುವುದಿಲ್ಲ, ರಂಧ್ರಗಳಲ್ಲಿ ಅಂಟಿ ಕೂರುತ್ತವೆ. ಜಾಗ ತುಂಬಿದ ಮೇಲೆ ಹಿಡಿಯುವುದು ನಿಲ್ಲುತ್ತದೆ. ವಾಸನೆ ಬರುವುದಕ್ಕೆ ಎಷ್ಟೋ ಮುಂಚೆಯೇ ಈ ಕೆಲಸ ಮುಗಿದಿರುತ್ತದೆ. ವಾಸನೆ ಇಲ್ಲವಲ್ಲ ಅಂತ ಕ್ಯಾಂಡಲ್ ಬದಲಿಸದೆ ಕೂರಬಾರದು.

ಪ್ರಶ್ನೆ: ನಮ್ಮ ತಂದೆಯವರಿಗೆ ವಾರಕ್ಕೆ ಮೂರು ಸಲ ಡಯಾಲಿಸಿಸ್. ಆಸ್ಪತ್ರೆಯ ನೀರಿನ ಕೋಣೆಯಲ್ಲಿ ಆಳೆತ್ತರದ ಎರಡು ಕಾರ್ಬನ್ ಟ್ಯಾಂಕ್ ನೋಡಿದೆ. ಆರ್‌ಓ ಇದ್ದ ಮೇಲೆ ಅವು ಯಾಕೆ? — ರಾಣೆಬೆನ್ನೂರು

ಉತ್ತರ: ಕೇಳಿದ್ದು ಒಳ್ಳೆಯದಾಯಿತು. ನಾವು ಕುಡಿಯುವ ನೀರು ಹೊಟ್ಟೆಗೆ ಹೋಗುತ್ತದೆ, ಅಲ್ಲಿ ಸೋಸುವ ವ್ಯವಸ್ಥೆ ಇದೆ. ಡಯಾಲಿಸಿಸ್‌ನಲ್ಲಿ ನೀರಿಗೂ ರಕ್ತಕ್ಕೂ ನಡುವೆ ಇರುವುದು ಒಂದು ತೆಳು ಪೊರೆ ಅಷ್ಟೇ. ನಿಮಿಷಕ್ಕೆ 500 ಮಿಲಿ ಲೆಕ್ಕದಲ್ಲಿ ನಾಲ್ಕು ಗಂಟೆಗೆ 120 ಲೀಟರ್ ಹಾಯುತ್ತದೆ.

ಇಲ್ಲಿ ದೊಡ್ಡ ಶತ್ರು ಕ್ಲೋರಮಿನ್. ನೀರಿನಲ್ಲಿ ಅಮೋನಿಯಾ ಇದ್ದಾಗ ಕ್ಲೋರಿನ್ ಅದರ ಜೊತೆ ಸೇರಿ ಇದಾಗುತ್ತದೆ. ಕೆಲವು ದೇಶಗಳಲ್ಲಿ ಬೇಕೆಂತಲೇ ಹೀಗೆ ಸೇರಿಸುತ್ತಾರೆ, ಯಾಕೆಂದರೆ ಪೈಪಿನಲ್ಲಿ ಇದು ತುಂಬ ಹೊತ್ತು ಉಳಿಯುತ್ತದೆ. ನಮ್ಮ ಕಡೆ ಮೂಲ ನೀರಿಗೆ ಚರಂಡಿ ನೀರೋ ಗೊಬ್ಬರದ ಅಂಶವೋ ಸೇರಿದಾಗ ತಾನಾಗಿಯೇ ಆಗುತ್ತದೆ. ಕುಡಿಯುವವರಿಗೆ ಲೀಟರಿಗೆ 4 ಮಿಲಿಗ್ರಾಂವರೆಗೆ ಮಾನಕ ಒಪ್ಪುತ್ತದೆ. ಡಯಾಲಿಸಿಸ್‌ಗೆ ಮಿತಿ 0.1 ಮಿಲಿಗ್ರಾಂ. ರಕ್ತಕ್ಕೆ ಸೇರಿದರೆ ಇದು ಕೆಂಪು ಕಣಗಳನ್ನು ಒಡೆಯುತ್ತದೆ. ಆರ್‌ಓ ಪೊರೆ ಇದನ್ನು ಸರಿಯಾಗಿ ತಡೆಯುವುದಿಲ್ಲ. ತಡೆಯಬೇಕಾದ್ದು ಕಾರ್ಬನ್ನೇ. ಆದರೆ ಕ್ಲೋರಿನ್ನಿನಷ್ಟು ಬೇಗ ಇದು ಬಿಡುವುದಿಲ್ಲ, ನಿಮಿಷಗಟ್ಟಲೆ ಇದ್ದಿಲಿನ ಜೊತೆ ಇರಬೇಕು. ಅದಕ್ಕೇ ಅಷ್ಟು ದೊಡ್ಡ ಟ್ಯಾಂಕು, ಅದೂ ಒಂದರ ಹಿಂದೆ ಒಂದು. ಎರಡೂ ಸೇರಿ 10 ನಿಮಿಷ ಸಿಗುವಂತೆ ಇಡುತ್ತಾರೆ. ಪ್ರತಿ ಪಾಳಿಗೂ ಮೊದಲು ಮೊದಲ ಟ್ಯಾಂಕಿನಿಂದ ಬಂದ ನೀರನ್ನು ಪರೀಕ್ಷಿಸಬೇಕು. ಅದು ಸೋತರೆ ಎರಡನೆಯದು ಕಾಯುತ್ತಿರುತ್ತದೆ. ಈ ಪರೀಕ್ಷೆಯ ದಾಖಲೆ ಪುಸ್ತಕ ಅಲ್ಲೇ ಇರಬೇಕು. ತೋರಿಸಿ ಅಂತ ಕೇಳಲು ಸಂಕೋಚ ಬೇಡ, ಮರ್ಯಾದೆಯಿಂದ ಕೇಳಿ.

ಪ್ರಶ್ನೆ: ನೀರು ಬದಲಿಸಿದಾಗಲೆಲ್ಲ ನಮ್ಮ ಅಕ್ವೇರಿಯಂ ಮೀನುಗಳು ಮೇಲೆ ಬಂದು ಬಾಯಿ ಬಾಯಿ ಬಿಡುತ್ತವೆ. — ಏಳನೇ ತರಗತಿ, ಗೋಕುಲ ರಸ್ತೆ, ಹುಬ್ಬಳ್ಳಿ

ಉತ್ತರ: ಪುಟ್ಟಾ, ಕ್ಲೋರಿನ್ ಮೀನಿನ ಕಿವಿರನ್ನು ಸುಡುತ್ತದೆ, ಅದಕ್ಕೆ ಉಸಿರಾಡಲು ಆಗುವುದಿಲ್ಲ. ನಮಗೆ ಒಳ್ಳೆಯದಾದ ಅಳತೆಯೇ ಮೀನಿಗೆ ವಿಷ. ಹಿಂದಿನ ದಿನವೇ ಬಕೆಟ್ಟಿನಲ್ಲಿ ನೀರು ಹಿಡಿದು ಬಾಯಿ ತೆರೆದು ಇಡು, ಗಾಳಿ ಗುಳ್ಳೆಯ ಪಂಪ್ ಇದ್ದರೆ ಅದರಲ್ಲಿ ಹಾಕು. ಅವಸರ ಇದ್ದರೆ ಅಕ್ವೇರಿಯಂ ಅಂಗಡಿಯಲ್ಲಿ ಹೈಪೋ ಹರಳು ಅಂತ ಕೇಳು, ಸೋಡಿಯಂ ಥಯೋಸಲ್ಫೇಟ್ ಅದು. ಎಷ್ಟು ಹಾಕಬೇಕು ಅಂತ ಅಂಗಡಿಯವರನ್ನು ಕೇಳಿ, ಅಪ್ಪ ಅಮ್ಮನ ಎದುರಿಗೇ ಹಾಕು. ತೊಟ್ಟಿಯ ನೀರನ್ನೆಲ್ಲ ಒಮ್ಮೆಲೇ ತೆಗೆಯಬೇಡ, ಕಾಲು ಭಾಗ ಮಾತ್ರ ಬದಲಿಸು. ತೊಟ್ಟಿಯ ಫಿಲ್ಟರಿನ ಸ್ಪಾಂಜನ್ನು ನಳದ ಕೆಳಗೆ ತೊಳೆಯಬೇಡ, ತೆಗೆದ ಹಳೆಯ ನೀರಿನಲ್ಲೇ ಹಿಂಡಿ ತೊಳೆ. ಅದರಲ್ಲಿ ಮೀನಿಗೆ ಬೇಕಾದ ಬ್ಯಾಕ್ಟೀರಿಯಾ ಇರುತ್ತವೆ.